ನೀರಿನ ಎಳೆತ

ಸ್ಟೀಲಿನ ಊಟದ ತಟ್ಟೆಗೆ ತೆಳ್ಳಗೆ ನೀರು ಹರಡಿ, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ನಡುವೆ ಪಾತ್ರೆ ತೊಳೆಯುವ ಸೋಪಿನ ಒಂದೇ ಒಂದು ಹನಿ ಇಳಿಬಿಡುವುದು ನನಗೆ ಬಲು ಇಷ್ಟ. ಹನಿ ತಾಗಿದ್ದೇ ತಡ, ಪುಡಿಯೆಲ್ಲ ಅಂಚಿಗೆ ಸರಿದು ನಡುವೆ ದುಂಡಗೆ ಬಯಲಾಗುತ್ತದೆ. ಎಷ್ಟು ಸಲ ನೋಡಿದರೂ ಕಣ್ಣು ತಣಿಯದು.

ಸೋಪು ಪುಡಿಯನ್ನು ತಳ್ಳಿತು ಎಂದೇ ನೋಡಿದವರು ಹೇಳುತ್ತಾರೆ. ಆದರೆ ಕೆಲಸವೆಲ್ಲ ನೀರಿನದು. ನೀರಿನ ಮೇಲ್ಮೈ ಸದಾ ಬಿಗಿದುಕೊಂಡೇ ಇರುತ್ತದೆ. ಮೀಟರಿಗೆ ಸುಮಾರು 72 ಮಿಲಿನ್ಯೂಟನ್ ಎಳೆತ. ಸುತ್ತಲಿಂದ ಸಮನಾಗಿ ಎಳೆಯುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಸೋಪು ಬಿದ್ದ ಜಾಗದಲ್ಲಿ ಈ ಎಳೆತ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಕೈ ಸಡಿಲಿಸಿದ ಹಾಗೆ, ಸುತ್ತಲಿನ ನೀರು ಹನಿಯನ್ನೂ ಪುಡಿಯನ್ನೂ ತನ್ನತ್ತ ಸೆಳೆದುಕೊಂಡುಬಿಡುತ್ತದೆ. 1865ರಲ್ಲಿ ಇಂಥ ಹರಡುವಿಕೆಯ ಬಗ್ಗೆ ಬರೆದ ಇಟಲಿಯ ಕಾರ್ಲೊ ಮರಾಂಗೋನಿಯ ಹೆಸರೇ ಈ ಪರಿಣಾಮಕ್ಕೆ ನಿಂತಿದೆ.

ಕೊಳದ ಮೇಲೆ ಹನಿ ಹರಡುವುದಕ್ಕೂ ಕೂದಲೆಳೆಗಿಂತ ತೆಳುವಾದ ಪದರದ ಮೇಲೆ ಹರಡುವುದಕ್ಕೂ ಅಜಗಜಾಂತರ. ತೆಳು ಪದರಕ್ಕೆ ತಳ ತೀರ ಹತ್ತಿರ, ತಳದ ನೀರು ಅಲ್ಲೇ ಅಂಟಿ ನಿಂತಿರುತ್ತದೆ. ಮೇಲಿನದು ಓಡಹೊರಟರೆ ಕೆಳಗಿನದು ಜಗ್ಗುತ್ತದೆ. ಮುಂದಂಚಿನಲ್ಲಿ ನೀರು ಮೊದಲಿನ ಇಮ್ಮಡಿ ಎತ್ತರಕ್ಕೆ ಏರಿ ದಿಬ್ಬವಾಗುತ್ತದೆ. ಹಿಂದೆ, ಹನಿ ಬಿದ್ದಲ್ಲಿ, ಪದರ ಸವೆಯುತ್ತ ಕೆಲವೊಮ್ಮೆ ಹರಿದೇ ಹೋಗುತ್ತದೆ. ಓಟವೂ ಬೇಗ ಕುಂದುತ್ತದೆ. ಕರಗದ ಪದಾರ್ಥದ ಒಂದು ಹನಿಯ ವೃತ್ತ ಇಮ್ಮಡಿ ಅಗಲವಾಗಲು ಹದಿನಾರು ಪಟ್ಟು ಸಮಯ ಬೇಕೆನ್ನುತ್ತದೆ ಲೆಕ್ಕ.

ಈ ಆಟವನ್ನು ನಾನು ಗೌರವದಿಂದ ನೋಡತೊಡಗಿದ್ದು ಶ್ವಾಸಕೋಶದ ಸಂಗತಿ ಓದಿದ ಮೇಲೆ. ಅಲ್ಲಿನ ಗಾಳಿಗೂಡುಗಳ ಅಗಲ ಮಿಲಿಮೀಟರಿನ ಕಾಲು ಭಾಗದಷ್ಟು. ಒಳಮೈಗೆಲ್ಲ ತೆಳ್ಳನೆಯ ತೇವ. ಬರಿ ನೀರೇ ಆಗಿದ್ದರೆ ಅದರ ಎಳೆತಕ್ಕೆ ಗೂಡು ಮುದುಡಿ ಮುಚ್ಚಿಕೊಳ್ಳುತ್ತಿತ್ತು. ಅದಾಗದಂತೆ ದೇಹವೇ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡನ್ನು ಒಸರಿಸುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಲ್ಲಿ ಅದು ಸಾಲದೆಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ತೋರಿಸಿದರು. ಮದ್ದು ಮಾತ್ರ ಇರಲಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗು ಪ್ಯಾಟ್ರಿಕ್, ಐದೂವರೆ ವಾರ ಮುಂಚೆ ಹುಟ್ಟಿ, ಎರಡೇ ದಿನ ಬದುಕಿತು. 1980ರಲ್ಲಿ ಜಪಾನಿನ ತೆತ್ಸುರೊ ಫುಜಿವಾರ, ಹಸುವಿನ ಶ್ವಾಸಕೋಶದಿಂದ ತಯಾರಿಸಿದ ಸರ್ಫ್ಯಾಕ್ಟೆಂಟನ್ನು 10 ಕೂಸುಗಳ ಶ್ವಾಸನಾಳಕ್ಕೆ ಬಿಟ್ಟು, ಅವು ಚೇತರಿಸಿಕೊಂಡ ಬಗೆಯನ್ನು ವರದಿ ಮಾಡಿದರು. ಈಗ ನಮ್ಮ ಊರುಗಳ ಶಿಶು ತೀವ್ರ ನಿಗಾ ಘಟಕಗಳಲ್ಲೂ ಅಂಥ ಮದ್ದಿದೆ: ಕೂಸಿನ ತೂಕದ ಕಿಲೋಗೆ ಕೆಲವೇ ಮಿಲಿಲೀಟರು.

ಅಷ್ಟು ಸ್ವಲ್ಪ ಮದ್ದು ಲಕ್ಷಗಟ್ಟಲೆ ಗೂಡುಗಳ ದಾರಿ ಹಿಡಿಯುವುದನ್ನು ನೆನೆದಾಗಲೆಲ್ಲ ನನಗೆ ಬೆರಗು. ದೊಡ್ಡ ನಾಳಗಳಲ್ಲಿ ಉಸಿರಿನ ಗಾಳಿಯೂ ಭೂಮಿಯ ಸೆಳೆತವೂ ಅದನ್ನು ಒಯ್ಯುತ್ತವೆ. ಮುಂದೆ ಕವಲೊಡೆದು ಕವಲೊಡೆದು ಕಿರಿದಾದ ನಾಳಗಳಲ್ಲಿ, ಕೂಸಿನ ಉಸಿರು ಕಟ್ಟಿಸುತ್ತಿರುವ ಆ ಎಳೆತವೇ ಮದ್ದನ್ನು ಒಳಕ್ಕೆ ಕರೆದುಕೊಳ್ಳುತ್ತದೆ. ಎಲ್ಲಿ ಬಿಗಿತ ಹೆಚ್ಚೋ ಅತ್ತಲೇ ಹರಿವು. ತಲುಪಿದಲ್ಲೆಲ್ಲ ಬಿಗಿತ ಸಡಿಲುತ್ತದೆ. ಎಲ್ಲೆಡೆ ಸಮನಾದ ಮೇಲೆ ಎಳೆಯುವವರಿಲ್ಲದೆ ಹರಿವು ನಿಲ್ಲುತ್ತದೆ.