ಚಾವಿಯೂ ಕಾಯಿಲೆ ಬೀಳುತ್ತದೆ

ಮೈಸೂರಿನ ಕಡೆಯವರಿಗೆ ಅದು ಬೀಗದ ಕೈ. ಧಾರವಾಡದ ನಮ್ಮ ಮನೆಯಲ್ಲಿ ಅದು ಕೀಲಿಕೈ. ಮುಂಬಯಿ ಕಡೆಗೆ ಬಂದು ಮೂವತ್ತು ವರ್ಷ ಕಳೆದ ಮೇಲೆ ನಮ್ಮ ಬಾಯಲ್ಲೂ ಅದು ಚಾವಿಯೇ ಆಗಿಬಿಟ್ಟಿದೆ. ಹೆಸರು ಯಾವುದಾದರೇನು, ಕೆಲಸ ಮಾಡುವಷ್ಟು ಕಾಲ ಅದು ನಮ್ಮ ಗಮನಕ್ಕೆ ಬರುವುದೇ ಇಲ್ಲ. ಕೈಕೊಟ್ಟ ದಿನ ಮಾತ್ರ ಅದರ ಹೊರತು ಬೇರೆ ಯಾವುದೂ ಗಮನಕ್ಕೆ ಬರುವುದಿಲ್ಲ.

ಈ ಬರಹದಲ್ಲಿ ‘ನಾವು’ ಎಂದರೆ ಗಂಡಹೆಂಡಿರಿಬ್ಬರೂ. ಒಬ್ಬರು ಕಾರು ಓಡಿಸುವವರು, ಇನ್ನೊಬ್ಬರು ದಾರಿ ಹೇಳುವವರು. ಯಾರು ಯಾವುದು ಎಂದು ಹೇಳುವುದಿಲ್ಲ. ಹೇಳಿದರೆ ಚಾವಿಯನ್ನು ಕೆಳಗೆ ಬೀಳಿಸಿದವರು ಯಾರೆಂಬ ಹಳೆಯ ವಾದ ಮತ್ತೆ ಮೊದಲಾಗುತ್ತದೆ.

ನಮ್ಮದೊಂದು ಸಣ್ಣ ಕಾರು. ಅದರ ಚಾವಿಯ ತಲೆ ಕರಿಯ ಪ್ಲಾಸ್ಟಿಕ್ಕಿನದು. ಬಾಗಿಲು ತೆರೆಯಲು ಮುಚ್ಚಲು ಎರಡು ಗುಂಡಿ. ಆ ಚಾವಿಯ ಬಳೆಗೆ ನಾವು ಡೊಂಬಿವಲಿಯ ಫ್ಲ್ಯಾಟಿನ ಚಾವಿ, ಕಪಾಟಿನ ಚಾವಿ, ಅಂಚೆ ಡಬ್ಬಿಯ ಚಾವಿ ಎಲ್ಲವನ್ನೂ ಪೋಣಿಸಿದ್ದೆವು. ಎಲ್ಲಕ್ಕಿಂತ ಭಾರವಾದದ್ದು ಊರಿನ ಮನೆಯ ಕೀಲಿಕೈ. ಅಂಗೈಯುದ್ದದ ಕಬ್ಬಿಣ. ನಾವು ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ ಇಳಿದರೆ ತಾವು ಎದ್ದು ಬಂದು ಬಾಗಿಲು ತೆರೆಯುವ ತನಕ ಹೊರಗೆ ನಿಲ್ಲಬಾರದೆಂದು ಅಪ್ಪ ಕೊಟ್ಟದ್ದು. ನಮ್ಮಲ್ಲೊಬ್ಬರಿಗೆ ಅವರು ಅಪ್ಪ, ಇನ್ನೊಬ್ಬರಿಗೆ ಮಾವ. ಇಲ್ಲಿ ಅಪ್ಪ ಎಂದೇ ಇರಲಿ.

ಚಾವಿ ತನ್ನ ಕಾಯಿಲೆಯನ್ನು ಮುಚ್ಚಿಟ್ಟಿರಲಿಲ್ಲ. ಮೊದಲು, ದೂರದಿಂದ ಗುಂಡಿ ಒತ್ತಿದರೆ ತೆರೆಯುತ್ತಿದ್ದ ಬಾಗಿಲು ಹತ್ತಿರ ಹೋಗಿ ಒತ್ತಿದರೆ ಮಾತ್ರ ತೆರೆಯತೊಡಗಿತು. ಆಮೇಲೆ ಬಳೆ ಸೇರುವ ತೂತಿನ ಬಳಿ ಪ್ಲಾಸ್ಟಿಕ್ಕು ಸೀಳಿತು. ನಾವು ರಬ್ಬರು ಬ್ಯಾಂಡು ಸುತ್ತಿದೆವು. ಸೀಳು ಬೆಳೆಯಿತು, ಸೆಲೊಟೇಪು ಸುತ್ತಿದೆವು. ‘ಬರುವ ರವಿವಾರ ಮಾಡಿಸೋಣ’ ಎಂದುಕೊಂಡ ರವಿವಾರಗಳು ಎಷ್ಟು ಬಂದು ಹೋದವೋ!

2018ರ ಜೂನ್ ತಿಂಗಳ ಒಂದು ರಾತ್ರಿ ಧಾರವಾಡದಿಂದ ಫೋನು ಬಂತು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದರು. ಹೃದಯದ ಶಸ್ತ್ರಕ್ರಿಯೆ, ಮರುದಿನ ಸಂಜೆ ನಾಲ್ಕಕ್ಕೆ. ಅಪ್ಪನೇ ಎರಡು ಮಾತಾಡಿದರು: “ಅವಸರ ಮಾಡಬ್ಯಾಡ್ರಿ. ಸಾವಕಾಶ ಬರ್ರಿ.” ಅವಸರ ಮಾಡಬೇಡಿ ಎಂದು ಅಪ್ಪ ಹೇಳಿದರೆ ಅವಸರವಿದೆ ಎಂದೇ ಅರ್ಥ. ನಸುಕಿನ ನಾಲ್ಕು ಗಂಟೆಗೆ ಹೊರಟೆವು. ಪುಣೆ, ಸಾತಾರಾ ದಾಟಿ ಕರಾಡ ಮುಟ್ಟಿದಾಗ ಒಂಬತ್ತೂವರೆ. ಎರಡೂವರೆ ಮೂರರೊಳಗೆ ಧಾರವಾಡ ಸೇರುವ ಲೆಕ್ಕ. ಒಂದು ಲೋಟ ಚಹಾ ಕುಡಿದು ಹೊರಡೋಣ ಎಂದು ಹೆದ್ದಾರಿಯ ಬದಿಯ ಹೋಟೆಲಿನ ಮುಂದೆ ನಿಲ್ಲಿಸಿದೆವು.

ಏಳುವಾಗ ಗೊಂಚಲು ಕೈಜಾರಿ ಕಲ್ಲಿನ ನೆಲಕ್ಕೆ ಬಿತ್ತು. ಟೇಪು ಬಿಚ್ಚಿಕೊಂಡಿತು, ಚಿಪ್ಪು ಎರಡು ಹೋಳಾಯಿತು. ಬ್ಯಾಟರಿ ಒಂದು ಮೇಜಿನಡಿಗೆ, ಸಣ್ಣ ಹಸಿರು ಹಲಗೆ ಇನ್ನೊಂದರಡಿಗೆ. ಎಲ್ಲ ಆಯ್ದು ಜೋಡಿಸಿ ಒತ್ತಿದೆವು. ಬಾಗಿಲು ತೆರೆಯಿತು. ಬದುಕಿದೆವು ಎಂದುಕೊಂಡು ಚಾವಿ ತಿರುಗಿಸಿದರೆ ಇಂಜಿನ್ನು ಒಮ್ಮೆ ಗುರುಗುಟ್ಟಿ ಎರಡೇ ಕ್ಷಣದಲ್ಲಿ ಸುಮ್ಮನಾಯಿತು. ಮತ್ತೆ ತಿರುಗಿಸಿದರೆ ಮತ್ತೆ ಹಾಗೆಯೇ. ಎದುರಿಗೆ ಹಳದಿ ದೀಪವೊಂದು ಮಿಣುಕುತ್ತಿತ್ತು. ಅದರಲ್ಲಿ ಕಾರು, ಕಾರಿನ ಮೇಲೊಂದು ಚಾವಿಯ ಚಿತ್ರ.

ಕರಾಡ ಕೃಷ್ಣೆಯೂ ಕೊಯ್ನೆಯೂ ಕೂಡುವ ಊರು. ಅಲ್ಲಿಂದ ಕೃಷ್ಣೆ ನಮ್ಮ ನಾಡಿನ ಕಡೆಗೇ ಹರಿದು ಹೋಗುತ್ತಾಳೆ. ನಾವು ಮಾತ್ರ ನಿಂತಲ್ಲೇ ನಿಂತಿದ್ದೆವು. ಎರಡನೆಯ ಚಾವಿ ಇತ್ತೇ? ಇತ್ತು. ಡೊಂಬಿವಲಿಯಲ್ಲಿ, ಕಪಾಟಿನೊಳಗೆ, ಬಹು ಭದ್ರವಾಗಿ ಇತ್ತು.

ಹೋಟೆಲಿನವರು ಊರೊಳಗಿನಿಂದ ಚಾವಿ ಮಾಡುವ ಹುಡುಗನೊಬ್ಬನನ್ನು ಕರೆಸಿದರು. ಅವನು ಬರುವುದಕ್ಕೇ ಒಂದೂವರೆ ಗಂಟೆ. ಬಂದವನು ಇಂಜಿನ್ನನ್ನು ನೋಡಲೇ ಇಲ್ಲ. ಚಾವಿಯ ಚಿಪ್ಪು ಬಿಚ್ಚಿ, ಒಳಗಿನ ಖಾಲಿ ಗೂಡನ್ನು ಬೆರಳಿಂದ ತೋರಿಸಿ, “ಕಾಕಾ, ಚಿಪ್ ಕುಠೆ ಆಹೆ?” ಎಂದ. ಅಲ್ಲೊಂದು ಚಿಪ್ ಇರುತ್ತದೆಂಬುದೇ ನಮಗೆ ತಿಳಿಯದು. ಕಡಲೆಬೇಳೆಯಷ್ಟು ಕರಿಯ ಚೂರು, ಹುಡುಕಿ ಎಂದ. ಅಷ್ಟರಲ್ಲಿ ನೆಲವನ್ನು ಎರಡು ಸಲ ಗುಡಿಸಿ ಆಗಿತ್ತು. ಹೋಟೆಲಿನವರು, ಗಿರಾಕಿಗಳು, ನಾವು, ಎಲ್ಲರೂ ಸೇರಿ ಕಸದ ಬುಟ್ಟಿಯನ್ನು ಹಳೆಯ ಪತ್ರಿಕೆಯ ಮೇಲೆ ಸುರುವಿ ಹುಡುಕಿದೆವು. ಚಹಾದ ಚರಟ, ಬೀಡಿಯ ತುಂಡುಗಳ ನಡುವೆ ಅದು ಸಿಕ್ಕಿತು. ಹುಡುಗ ಒರೆಸಿ ಗೂಡಿಗೆ ಕೂರಿಸಿ ಟೇಪು ಸುತ್ತಿದ. ಇಂಜಿನ್ನು ಮೊದಲ ತಿರುಗಿಗೇ ಹೊತ್ತಿಕೊಂಡಿತು. ಐವತ್ತು ರೂಪಾಯಿ ಸಾಕು ಎಂದ. ಗೊಂಚಲನ್ನು ಕೈಯಲ್ಲಿ ತೂಗಿ ನೋಡಿ, ಊರಿನ ಕೀಲಿಕೈ ತೋರಿಸಿ, ಈ ಭಾರಕ್ಕೇ ಚಿಪ್ಪು ಸೀಳಿದ್ದು ಎಂದು ಹೇಳಿ ಹೋದ.

ಧಾರವಾಡ ಸೇರಿದಾಗ ಐದೂವರೆ. ಅಪ್ಪನನ್ನು ಒಳಗೆ ಕರೆದೊಯ್ದು ಒಂದೂವರೆ ಗಂಟೆ ಆಗಿತ್ತು. ಮುಚ್ಚಿದ ಬಾಗಿಲಿನ ಎದುರು ಆ ಗೊಂಚಲನ್ನು ಹಿಡಿದು ಕೂತ ಆ ಸಂಜೆಯನ್ನು ಬಣ್ಣಿಸುವ ಶಕ್ತಿ ನಮಗಿಲ್ಲ. ಮಾತಾಡಿಸಿ ಕಳಿಸಬೇಕಿತ್ತು ಎಂಬುದೊಂದೇ ಯೋಚನೆ. ದೇವರು ದೊಡ್ಡವನು, ಅಪ್ಪ ಪಾರಾದರು. ಮರುದಿನ ಕಣ್ಣು ತೆರೆದು ನಮ್ಮನ್ನು ನೋಡಿ ಕೇಳಿದ್ದು, “ಗಾಡಿ ಏನರ ತ್ರಾಸ ಕೊಡ್ತೇನು?” ನಡೆದದ್ದನ್ನು ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಂದೂ ಹಂಗ ಆತು. ಎರಡು ತಿಂಗಳಿಂದ ಎದಿ ಹಿಡಕೋತಿತ್ತು. ಪಿತ್ತ ಅಂದ್ಕೊಂಡು ಸುಂಠಿ ಕಷಾಯ ಕುಡದೆ” ಎಂದರು.

ಮುಂಬಯಿಗೆ ಮರಳಿದ ಮೇಲೆ ನಾವು ಮೊದಲು ಮಾಡಿದ ಕೆಲಸ ಚಾವಿಯ ವಿದ್ಯೆಯನ್ನು ಕಲಿತದ್ದು. ಅದನ್ನು ಓದುಗರಿಗೂ ಹೇಳಬೇಕೆಂದೇ ಈ ಬರಹ.

ಇಂದಿನ ಕಾರಿನ ಚಾವಿ ಒಂದಲ್ಲ, ಮೂರು. ಬೀಗದ ಹಲ್ಲಿಗೆ ಹೊಂದುವ ಲೋಹದ ಅಲಗು ಒಂದು. ಬಾಗಿಲು ತೆರೆಯುವ ರಿಮೋಟು ಇನ್ನೊಂದು. ಇಂಜಿನ್ನಿಗೆ ಗುರುತು ಹೇಳುವ ಚಿಪ್ ಮೂರನೆಯದು. ಕಳ್ಳತನ ತಡೆಯಲೆಂದು 1990ರ ದಶಕದಲ್ಲಿ ಬಳಕೆಗೆ ಬಂದ ಈ ಚಿಪ್ಪಿನ ಏರ್ಪಾಡನ್ನು ಯುರೋಪಿನ ಒಕ್ಕೂಟ 1998ರಿಂದ ಹೊಸ ಕಾರುಗಳಿಗೆ ಕಡ್ಡಾಯ ಮಾಡಿತು. ಚಿಪ್ಪಿಗೆ ಬ್ಯಾಟರಿ ಬೇಡ. ಚಾವಿ ತೂರಿಸುವ ತೂತಿನ ಸುತ್ತ ತಂತಿಯ ಸುರುಳಿಯೊಂದಿದ್ದು, ಅದೇ ಚಿಪ್ಪಿಗೆ ಶಕ್ತಿ ಕೊಟ್ಟು ಗುರುತು ಕೇಳುತ್ತದೆ. ಆದ್ದರಿಂದ ಬ್ಯಾಟರಿ ಸತ್ತರೂ ಕಾರು ಹೊರಡುತ್ತದೆ. ಚಿಪ್ ಹೋದರೆ ಬ್ಯಾಟರಿ ಹೊಸದಿದ್ದರೂ ಹೊರಡುವುದಿಲ್ಲ. ಒಡೆದ ಚಿಪ್ಪು ಬದಲಿಸುವಾಗ ಹಳೆಯದನ್ನು ಎಸೆಯುವ ಮೊದಲು ಗೂಡಿನಲ್ಲಿ ಈ ಚೂರು ಉಳಿದಿದೆಯೇ ಎಂದು ನೋಡಬೇಕು.

ಹತ್ತಿರ ಹೋಗಿ ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತದೆ ಎಂದರೆ ಬ್ಯಾಟರಿ ಮುಗಿಯುತ್ತಾ ಬಂದಿದೆ. ಹಲವು ಚಾವಿಗಳಲ್ಲಿರುವುದು ಸಿಆರ್ 2032. 3 ವೋಲ್ಟಿನದು, 20 ಮಿಲಿಮೀಟರು ಅಗಲ, 3.2 ಮಿಲಿಮೀಟರು ದಪ್ಪ. ಬಿಲ್ಲೆಯ ಮೇಲೆ ಬರೆದ ಸಂಖ್ಯೆ ನೋಡಿ ಅದನ್ನೇ ತರಬೇಕು. ಕೂಡು ಚಿಹ್ನೆ ಯಾವ ಕಡೆಗಿತ್ತೋ ಆ ಕಡೆಗೇ ಇಡಬೇಕು. ತೆಗೆದ ಹಳೆಯ ಬಿಲ್ಲೆ ಮಕ್ಕಳ ಕೈಗೆ ಸಿಗಬಾರದು. ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಲ್ಲದು. ಕಾಯದೆ ಆಸ್ಪತ್ರೆಗೆ ಓಡಬೇಕು. ಗುಂಡಿ ಒತ್ತಿ ಹೊರಡುವ ಕಾರುಗಳವರು ಎರಡು ಸಂಗತಿ ತಿಳಿದಿರಲಿ: ರಿಮೋಟಿನ ಹೊಟ್ಟೆಯಲ್ಲಿ ಬಾಗಿಲಿಗೆಂದು ಸಣ್ಣ ಲೋಹದ ಚಾವಿ ಅಡಗಿರುತ್ತದೆ, ಬ್ಯಾಟರಿ ಸತ್ತಾಗ ರಿಮೋಟನ್ನೇ ಆ ಗುಂಡಿಗೆ ತಾಗಿಸಿ ಹಿಡಿದರೆ ಹಲವು ಕಾರುಗಳು ಹೊರಡುತ್ತವೆ. ನಿಮ್ಮ ಕಾರಿನ ಪುಸ್ತಕದಲ್ಲಿ ಅದರ ಜಾಗ ಬರೆದಿರುತ್ತದೆ.

ಚಾವಿ ತೂರುತ್ತದೆ, ತಿರುಗುವುದಿಲ್ಲ ಎಂದರೆ ಬಲ ಹಾಕಬೇಡಿ. ಬಹಳ ಸಲ ಸ್ಟಿಯರಿಂಗ್ ಚಕ್ರ ಬೀಗ ಹಾಕಿಕೊಂಡಿರುತ್ತದೆ. ಒಂದು ಕೈಯಿಂದ ಚಕ್ರವನ್ನು ಅತ್ತಿತ್ತ ಅಲುಗಿಸುತ್ತ ಇನ್ನೊಂದರಿಂದ ಚಾವಿ ತಿರುಗಿಸಿದರೆ ಬಿಡುತ್ತದೆ. ಬೀಗ ಬಿಗಿಯಾದರೆ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ನಮ್ಮವರಲ್ಲುಂಟು. ಎಣ್ಣೆಗೆ ಧೂಳು ಅಂಟಿ ಬೀಗ ಇನ್ನಷ್ಟು ಕೆಡುತ್ತದೆ. ಗ್ರಾಫೈಟು ಪುಡಿ ಒಳ್ಳೆಯದು. ಸವೆದ ಚಾವಿಯಿಂದ ನಕಲು ತೆಗೆಸಿದರೆ ಸವೆತವೂ ನಕಲಾಗುತ್ತದೆ. ಬಳಸದ ಎರಡನೆಯ ಚಾವಿಯಿಂದ, ಇಲ್ಲವೆ ಹೊಸ ಕಾರಿನೊಡನೆ ಬಂದ ಬಿಲ್ಲೆಯ ಸಂಖ್ಯೆಯಿಂದ ಮಾಡಿಸಬೇಕು. ಬಾಗಿದ ಚಾವಿಯನ್ನು ನೆಟ್ಟಗೆ ಮಾಡಲು ಹೋದರೆ ಬೀಗದೊಳಗೇ ಮುರಿದೀತು. ಮುರಿದರೆ ಇನ್ನೊಂದನ್ನು ತೂರಿಸಿ ತಳ್ಳಬಾರದು. ತುದಿ ಹೊರಗೆ ಕಂಡರೆ ಸಪೂರ ಮೂತಿಯ ಇಕ್ಕಳದಿಂದ ಎಳೆಯಬೇಕು, ಕಾಣದಿದ್ದರೆ ಕೈಕೆಲಸದವನನ್ನು ಕರೆಯಬೇಕು.

ಮುಂಬಯಿಯ ಮಳೆಯಲ್ಲೋ ಬಟ್ಟೆ ಒಗೆಯುವ ಯಂತ್ರದಲ್ಲೋ ಚಾವಿ ನೆನೆದರೆ ಗುಂಡಿ ಒತ್ತಿ ಪರೀಕ್ಷೆ ಮಾಡಬೇಡಿ. ತಕ್ಷಣ ಬಿಚ್ಚಿ, ಬ್ಯಾಟರಿ ತೆಗೆದು, ಒರೆಸಿ, ಫ್ಯಾನಿನಡಿ ಒಂದು ದಿನ ಬಿಟ್ಟು ಆಮೇಲೆ ಜೋಡಿಸಿ. ಬಿಸಿಲಿಗೂ ಬೇಡ, ಒಲೆಯ ಬಳಿಗೂ ಬೇಡ.

ಕೊನೆಯ ಮಾತು ಎರಡನೆಯ ಚಾವಿಯದು. ಒಂದು ಕೈಯಲ್ಲಿರುವಾಗಲೇ ಇನ್ನೊಂದನ್ನು ಮಾಡಿಸುವುದು ಸುಲಭ. ಎರಡೂ ಹೋದ ಮೇಲೆ ಖರ್ಚೂ ಹೆಚ್ಚು, ಅಲೆದಾಟವೂ ಹೆಚ್ಚು. ಕಾರು ಕಳುವಾದರೆ ವಿಮೆಯವರು ಸಾಮಾನ್ಯವಾಗಿ ಎರಡೂ ಚಾವಿಗಳನ್ನು ಕೇಳುತ್ತಾರೆ. ಆದ್ದರಿಂದ ಒಂದು ಕಳೆದ ದಿನವೇ ಪೊಲೀಸರಿಗೂ ವಿಮೆಯವರಿಗೂ ಬರೆದು ತಿಳಿಸಿ, ಕಳೆದ ಚಾವಿಯ ಗುರುತನ್ನು ಕಾರಿನಿಂದ ಅಳಿಸಿಹಾಕಿಸಬೇಕು.

ಅಪ್ಪ ಮತ್ತೆ ನಾಲ್ಕು ವರ್ಷ ಇದ್ದರು. 2022ರಲ್ಲಿ ತೀರಿಕೊಂಡರು. ಆ ನಾಲ್ಕು ವರ್ಷಗಳಲ್ಲಿ ಅವರು ‘ಸಾವಕಾಶ ಬರ್ರಿ’ ಎಂದಾಗಲೆಲ್ಲ ನಾವು ಮರುದಿನವೇ ಹೊರಟೆವು. ದೂರದ ದಾರಿ ಹಿಡಿಯುವಾಗ ಒಂದು ಚಾವಿ ಒಬ್ಬರ ಕಿಸೆಯಲ್ಲಿ, ಇನ್ನೊಂದು ಇನ್ನೊಬ್ಬರ ಪರ್ಸಿನಲ್ಲಿ. ಊರಿನ ಕೀಲಿಕೈಯನ್ನು ಕಾರಿನ ಬಳೆಯಿಂದ ಬಿಡಿಸಿ, ಡೊಂಬಿವಲಿಯ ಮನೆಯಲ್ಲಿ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದೇವೆ. ಹೊರಡುವಾಗ ಮರೆಯದೆ ತೆಗೆದುಕೊಳ್ಳುತ್ತೇವೆ. ಮೊದಲು ಅದು ಕೈಯಲ್ಲಿದ್ದರೂ ಬಳಸುವ ಪ್ರಸಂಗವೇ ಬರುತ್ತಿರಲಿಲ್ಲ. ಕಾರಿನ ಸದ್ದು ಕೇಳಿಯೇ ಅಪ್ಪ ಬಾಗಿಲು ತೆರೆದು ನಿಂತಿರುತ್ತಿದ್ದರು.