ನಾರಾವಿಯ ನವಿಲು, ಪೆಸಿಫಿಕ್ಕಿನ ತಿಮಿಂಗಿಲ

"ಮಾಷ್ಟ್ರೇ, ನಿಮ್ಮ ರಾಷ್ಟ್ರಪಕ್ಷಿಯನ್ನು ಒಮ್ಮೆ ಬಂದು ನೋಡಿಕೊಂಡು ಹೋಗಿ" ಎಂದು ನಾರಾವಿಯಿಂದ ಫೋನ್ ಬಂದದ್ದು ಜೂನ್ ಮೊದಲ ವಾರದಲ್ಲಿ. ಮಾತಾಡಿದವನು ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ವಿಜ್ಞಾನದ ಕ್ಲಾಸಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದ ಹುಡುಗ. ಈಗ ಒಂದೂವರೆ ಎಕರೆ ಗದ್ದೆ, ಸ್ವಲ್ಪ ಅಡಿಕೆ ತೋಟದ ಯಜಮಾನ. 'ನಿಮ್ಮ' ಎಂಬ ಶಬ್ದಕ್ಕೆ ಅವನು ಕೊಟ್ಟ ಒತ್ತು ನನಗೆ ಚುರುಕ್ಕೆಂದಿತು.

ಶನಿವಾರದ ಬೆಳಗ್ಗಿನ ಶಾಲೆ ಮುಗಿಸಿ ಹೊರಟೆ. ಕಾರ್ಕಳದಿಂದ ಬಜಗೋಳಿ, ಹೊಸ್ಮಾರು ದಾಟಿ ಬಂದ ಬಸ್ಸು ನಾರಾವಿ ಪೇಟೆಯಲ್ಲಿ ನನ್ನನ್ನು ಇಳಿಸಿ ಅಳದಂಗಡಿಯ ಕಡೆಗೆ ಹೋಯಿತು. ಈ ಊರಿನ ಭೂಗೋಳವೇ ಒಂದು ತಮಾಷೆ. ಇಲ್ಲಿಯವರ ತಾಲೂಕು ಬೆಳ್ತಂಗಡಿ, ಆದರೆ ಪೇಟೆ ವ್ಯವಹಾರಕ್ಕೆ ಕಾರ್ಕಳ, ಮೂಡುಬಿದಿರೆಗಳೇ ಹತ್ತಿರ. ಸೂರ್ಯನಾರಾಯಣ ದೇವಸ್ಥಾನ, ಬಸದಿ, ಸಂತ ಅಂತೋನಿಯವರ ಇಗರ್ಜಿ ಎಲ್ಲವೂ ಒಂದೇ ಊರಿನಲ್ಲಿ. ದಕ್ಷಿಣಕ್ಕೆ ಹೋದರೆ ವೇಣೂರು, ಅಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ 35 ಅಡಿಯ ಗೊಮ್ಮಟ. ಪೂರ್ವಕ್ಕೆ ಕುತ್ಲೂರು, ಅದರಾಚೆ ಕುದುರೆಮುಖದ ಸಾಲು. ಆ ಹೊತ್ತಿಗೆ ಮಳೆ ಬಿಟ್ಟಿದ್ದರೂ ಬೆಟ್ಟವನ್ನು ಮೋಡ ಬಿಟ್ಟಿರಲಿಲ್ಲ. ಬೆಟ್ಟ ಇದೆ ಎಂದು ಗೊತ್ತಿದ್ದವರಿಗೆ ಮಾತ್ರ ಕಾಣುವಂತಿತ್ತು.

ಕುತ್ಲೂರಿನ ಕಡೆಯ ರಸ್ತೆಯಲ್ಲಿ ಸ್ವಲ್ಪ ದೂರ ನಡೆದಿದ್ದೆನಷ್ಟೆ, ಗದ್ದೆಯ ಬದುವಿನ ಮೇಲೆ ಮೂರು ನವಿಲುಗಳು ಕಂಡವು. ಒಂದು ಗಂಡು, ಎರಡು ಹೆಣ್ಣು. ನಾನು ನಿಂತೆ. ಅವುಗಳೂ ನಿಂತು ನನ್ನನ್ನು ನೋಡಿ, ಈ ಮನುಷ್ಯನಿಂದ ತೊಂದರೆಯಿಲ್ಲ ಎಂದು ತೀರ್ಮಾನಿಸಿದವರ ಹಾಗೆ ಮತ್ತೆ ಕೆಸರಿಗೆ ಇಳಿದವು. ನಾವು ಸಣ್ಣವರಿದ್ದಾಗ ನವಿಲುಗರಿಯನ್ನು ಪುಸ್ತಕದ ನಡುವೆ ಇಟ್ಟರೆ ಮರಿ ಹಾಕುತ್ತದೆ ಎಂದು ನಂಬಿ, ದಿನಕ್ಕೆ ನಾಲ್ಕು ಸಲ ತೆರೆದು ನೋಡುತ್ತಿದ್ದೆವು. ಆಗ ಹಾಕದ ಮರಿಗಳನ್ನೆಲ್ಲ ಈಗ ಒಟ್ಟಿಗೇ ಹಾಕಿದಂತಿದೆ! ನಾನು ಇಲ್ಲಿಗೆ ಸಮೀಪದ ಶಾಲೆಗೆ ಮೇಷ್ಟ್ರಾಗಿ ಬಂದ ತೊಂಬತ್ತರ ದಶಕದ ಕೊನೆಯಲ್ಲಿ ಒಂದು ನವಿಲು ಶಾಲೆಯ ಅಂಗಳಕ್ಕೆ ಬಂದರೆ ಪಾಠ ನಿಲ್ಲಿಸಿ ಮಕ್ಕಳನ್ನು ಹೊರಗೆ ಬಿಡುತ್ತಿದ್ದೆ. ಅದು ಅಂಥ ಅಪರೂಪದ ಸಂಗತಿಯಾಗಿತ್ತು.

ಶಿಷ್ಯ ಮನೆಗೆ ಕರೆದುಕೊಂಡು ಹೋಗುವ ಮೊದಲು ಗದ್ದೆಗೇ ಕರೆದೊಯ್ದ. ಏಣೆಲು ಬೆಳೆಗೆ ಬಿತ್ತಿದ ನೇಜಿಯ ಮಡಿ ಅದು. ಮೊಳಕೆ ಬರಿಸಿ ಹಾಕಿದ ಬೀಜವನ್ನು ನವಿಲುಗಳು ಎರಡೇ ಬೆಳಗ್ಗೆಯಲ್ಲಿ ಹೆಕ್ಕಿ ಮುಗಿಸಿದ್ದವು. ಈಗ ಹಾಕಿರುವುದು ಎರಡನೆಯ ಸಲದ ಬೀಜ. ಸುತ್ತ ಕೋಲು ನೆಟ್ಟು ಹಳೆಯ ಸೀರೆಗಳನ್ನೂ ಸೊಳ್ಳೆಪರದೆಯನ್ನೂ ಕಟ್ಟಿದ್ದಾನೆ. ಹಿತ್ತಿಲಲ್ಲಿ ಅಲಸಂಡೆ, ಬೆಂಡೆ, ಸೌತೆಯ ಸಾಲುಗಳಿಗೂ ಅದೇ ಉಪಚಾರ. ಪಂಜಿ ಬರುತ್ತದೆ, ಕಾಟಿ ಬರುತ್ತದೆ, ಮಂಗ ಎಳನೀರು ಕಿತ್ತು ಬಿಸಾಡುತ್ತದೆ. ಅದೆಲ್ಲ ಅಜ್ಜನ ಕಾಲದಿಂದಲೂ ಇದ್ದದ್ದೇ. ನವಿಲು ಮಾತ್ರ ಅಪ್ಪನ ಕಾಲದಲ್ಲೂ ಇರಲಿಲ್ಲ.

"ರಾಷ್ಟ್ರಪಕ್ಷಿಯನ್ನು ಏಕೆ ರಕ್ಷಿಸಬೇಕು, ಕಾರಣ ಕೊಡಿ. ಎರಡು ಅಂಕ. ನೀವೇ ಕೇಳಿದ್ದು ಮಾಷ್ಟ್ರೇ. ನಾನು ಎರಡಕ್ಕೆ ಎರಡು ತೆಗೆದಿದ್ದೆ" ಎಂದ. ನಕ್ಕನೋ ಸಿಟ್ಟಾದನೋ ತಿಳಿಯಲಿಲ್ಲ.

ಅವನು ನನ್ನನ್ನು ಕರೆಸಿದ್ದು ಒಂದು ಪ್ರಶ್ನೆ ಕೇಳಲಿಕ್ಕೆ. ಅಳಿದುಹೋಗುತ್ತದೆ ಎಂದು ಪಟ್ಟಿಗೆ ಸೇರಿಸಿದ ಪ್ರಾಣಿ ಚೆನ್ನಾಗಿ ಹೆಚ್ಚಿದ ಮೇಲೆ ಅದನ್ನು ಪಟ್ಟಿಯಿಂದ ಇಳಿಸುವ ಕ್ರಮ ಉಂಟೋ ಇಲ್ಲವೋ?

ನವಿಲು ರಾಷ್ಟ್ರಪಕ್ಷಿಯಾದದ್ದು 1963ರಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅದಕ್ಕೆ ಹುಲಿಯ ಜೊತೆ ಒಂದನೇ ಪರಿಶಿಷ್ಟದಲ್ಲಿ ಜಾಗ. ಕೊಂದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆ. ಮನುಷ್ಯನ ಜೀವಕ್ಕೆ ಅಪಾಯ ತಂದರೆ, ಇಲ್ಲವೇ ವಾಸಿಯಾಗದ ರೋಗ ಅಥವಾ ಊನ ತಗುಲಿದ್ದರೆ ಮಾತ್ರ ಒಂದನೇ ಪರಿಶಿಷ್ಟದ ಪ್ರಾಣಿಯ ಮೇಲೆ ಕ್ರಮಕ್ಕೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬಹುದು. ಬೆಳೆ ಹಾನಿ ಎಂಬ ಕಾರಣ ಎರಡನೇ ಪರಿಶಿಷ್ಟದ ಪ್ರಾಣಿಗಳಿಗೆ ಅನ್ವಯಿಸುತ್ತದೆ, ಒಂದನೆಯದಕ್ಕೆ ಇಲ್ಲ. 2016ರಲ್ಲಿ ಗೋವಾದ ಅಂದಿನ ಕೃಷಿ ಸಚಿವರು ನವಿಲನ್ನು ಪೀಡಕ ಪ್ರಾಣಿಗಳ ಸಾಲಿಗೆ ಸೇರಿಸುವ ಮಾತೆತ್ತಿದಾಗ ದೇಶದಲ್ಲೆಲ್ಲ ಗದ್ದಲವಾಗಿ, ವಿಷಯ ಅಲ್ಲಿಗೇ ನಿಂತಿತು. ಪಟ್ಟಿಯನ್ನು ತಿದ್ದುವ ಅಧಿಕಾರ ಕೇಂದ್ರಕ್ಕೆ ಇದೆ. ಆದರೆ ಇಷ್ಟು ವರ್ಷಕ್ಕೊಮ್ಮೆ ಪಟ್ಟಿ ತೆರೆದು, ಒಂದೊಂದು ಪ್ರಾಣಿಯ ಸ್ಥಿತಿ ಹೇಗಿದೆ ಎಂದು ನೋಡಲೇಬೇಕೆಂಬ ಕಟ್ಟುಪಾಡು ಇಲ್ಲ.

ನವಿಲು ಹೆಚ್ಚಿದೆ ಎಂಬುದು ನಾರಾವಿಯವರ ಭ್ರಮೆಯಲ್ಲ. ಪಕ್ಷಿವೀಕ್ಷಕರು ದಾಖಲಿಸಿದ ಮಾಹಿತಿಯನ್ನು ಒಟ್ಟುಗೂಡಿಸಿ 2020 ಮತ್ತು 2023ರಲ್ಲಿ ಹೊರತಂದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಗಳಲ್ಲಿ, ವೇಗವಾಗಿ ಹೆಚ್ಚುತ್ತಿರುವ ಹಕ್ಕಿಗಳ ಸಾಲಿನಲ್ಲಿ ನವಿಲಿದೆ. ಪಕ್ಕದ ಕೇರಳದಲ್ಲಿ 1933ರ ಸುಮಾರಿಗೆ ಸಲೀಂ ಅಲಿಯವರು ಸಮೀಕ್ಷೆ ನಡೆಸಿದಾಗ ಕಾಣಸಿಗದ ಹಕ್ಕಿ ಇಂದು ಅಲ್ಲಿನ ಬಹುತೇಕ ಜಿಲ್ಲೆಗಳಲ್ಲಿದೆ. ನವಿಲಿಗೆ ದಟ್ಟ ಕಾಡು ಬೇಡ. ಬೇಕಾದದ್ದು ಒಣ ಕುರುಚಲು, ತೆರೆದ ಬಯಲು. ನಮ್ಮ ಕರಾವಳಿಯಲ್ಲಿ ಬೇಸಾಯ ಬಿಟ್ಟ ಗದ್ದೆಗಳು ಪೊದೆಯಾದವು, ಕೋವಿ ಹಿಡಿದು ಗುಡ್ಡಕ್ಕೆ ಹೋಗುವವರು ಕಡಿಮೆಯಾದರು. ಉಳಿದದ್ದನ್ನು ನವಿಲೇ ನೋಡಿಕೊಂಡಿತು. ಇನ್ನೂ ಬೇಸಾಯ ಮಾಡುವವನು ಪಕ್ಕದ ಹಡಿಲು ಗದ್ದೆಯ ನವಿಲನ್ನು ಸಾಕುವ ಹಾಗಾಗಿದೆ.

ರಾತ್ರಿ ಊಟವಾದ ಮೇಲೆ ಕರೆಂಟು ಹೋಯಿತು. ಜಗಲಿಯಲ್ಲಿ ಕುಳಿತು ನಾನು ಅವನಿಗೂ, ಹೈಸ್ಕೂಲಿಗೆ ಹೋಗುವ ಅವನ ಮಗಳಿಗೂ ತಿಮಿಂಗಿಲದ ಕತೆ ಹೇಳಿದೆ. ನವಿಲಿಗೂ ತಿಮಿಂಗಿಲಕ್ಕೂ ಏನು ಸಂಬಂಧ ಎಂದು ಆ ಹುಡುಗಿ ಮುಖ ನೋಡಿದಳು.

ಅಮೆರಿಕದ ಪಶ್ಚಿಮ ಕರಾವಳಿಯುದ್ದಕ್ಕೂ ಸಾಗುವ ಬೂದು ತಿಮಿಂಗಿಲಗಳಿವೆ. ಬೇಸಿಗೆಯಲ್ಲಿ ಆರ್ಕ್ಟಿಕ್ ಕಡೆಯ ತಣ್ಣೀರಿನಲ್ಲಿ ತಳದ ಕೆಸರನ್ನು ಸೋಸಿ ಸಣ್ಣ ಕಠಿಣಚರ್ಮಿಗಳನ್ನು ತಿನ್ನುವುದು, ಚಳಿಗಾಲಕ್ಕೆ ಮೆಕ್ಸಿಕೋದ ಬೆಚ್ಚಗಿನ ಹಿನ್ನೀರಿಗೆ ಇಳಿದು ಮರಿ ಹಾಕುವುದು ಅವುಗಳ ಕ್ರಮ. 1850ರ ದಶಕದಲ್ಲಿ ಚಾರ್ಲ್ಸ್ ಸ್ಕ್ಯಾಮನ್ ಎಂಬ ಹಡಗಿನ ಕಪ್ತಾನ ಆ ಹಿನ್ನೀರಿನ ದಾರಿ ಹಿಡಿದ. ಬೇಟೆಗಾರರು ಹೆರಿಗೆ ಮನೆಗೇ ನುಗ್ಗಿದಂತಾಯಿತು. ಮರಿಯನ್ನು ಕಾಯಲು ದೋಣಿಗಳ ಮೇಲೆ ಎರಗಿದ ತಾಯಂದಿರಿಗೆ ಅವರು ಇಟ್ಟ ಹೆಸರು 'ಪಿಶಾಚಿ ಮೀನು'! ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅಂತಾರಾಷ್ಟ್ರೀಯ ರಕ್ಷಣೆ ಸಿಕ್ಕಿದ ಮೇಲೆ ನಿಧಾನವಾಗಿ ಚೇತರಿಸಿಕೊಂಡು, ಸಂಖ್ಯೆ ಇಪ್ಪತ್ತು ಸಾವಿರ ದಾಟಿತು. 1994ರ ಜೂನ್‌ನಲ್ಲಿ ಅಮೆರಿಕ ಸರಕಾರ ಈ ಪೂರ್ವ ಪೆಸಿಫಿಕ್ಕಿನ ಗುಂಪನ್ನು ಅಪಾಯದ ಪಟ್ಟಿಯಿಂದ ತೆಗೆಯಿತು. ಅದೇ ಜಾತಿಯದಾದರೂ ಏಷ್ಯಾದ ಕಡೆಯ ಗುಂಪನ್ನು ಪಟ್ಟಿಯಲ್ಲೇ ಉಳಿಸಿತು.

"ತೆಗೆದ ಮೇಲೆ ಕೊಂದರೋ?" ಎಂದು ಶಿಷ್ಯ ಕೇಳಿದ. ಕೇಳಬೇಕಾದ ಪ್ರಶ್ನೆಯೇ.

ಪಟ್ಟಿಯಿಂದ ಇಳಿಸುವುದೆಂದರೆ ಕೋವಿ ಕೊಡುವುದಲ್ಲ. ಸಮುದ್ರದ ಸಸ್ತನಿಗಳ ರಕ್ಷಣೆಗೆ ಅಮೆರಿಕದಲ್ಲಿ 1972ರ ಬೇರೆಯೇ ಕಾಯಿದೆ ಇದೆ, ಅದು ಹಾಗೇ ಉಳಿಯಿತು. ಜೊತೆಗೆ, ಪಟ್ಟಿಯಲ್ಲಿರುವ ಪ್ರಾಣಿಯ ಸ್ಥಿತಿಯನ್ನು ಐದು ವರ್ಷಕ್ಕೊಮ್ಮೆ ಪರಿಶೀಲಿಸಬೇಕು, ಚೇತರಿಸಿಕೊಂಡು ಪಟ್ಟಿಯಿಂದ ಇಳಿದ ಪ್ರಾಣಿಯನ್ನು ಕನಿಷ್ಠ ಐದು ವರ್ಷ ಗಮನಿಸುತ್ತಿರಬೇಕು ಎಂದು ಅಲ್ಲಿನ ಕಾನೂನೇ ಹೇಳುತ್ತದೆ. ಆಸ್ಪತ್ರೆಯಿಂದ ಬಿಟ್ಟ ರೋಗಿಗೆ ಮತ್ತೆ ಬಂದು ತೋರಿಸಲು ತಾರೀಕು ಕೊಟ್ಟ ಹಾಗೆ. ಕ್ಯಾಲಿಫೋರ್ನಿಯದ ಗ್ರಾನೈಟ್ ಕಣಿವೆ ಎಂಬಲ್ಲಿ, ಕಡಲಿಗೆ ಚಾಚಿದ ಬಂಡೆಯ ಮೇಲೆ ಕುಳಿತು ತಿಮಿಂಗಿಲ ಎಣಿಸುವ ಕೆಲಸವಿದೆ. ಚಳಿಗಾಲದಲ್ಲಿ ದಕ್ಷಿಣಕ್ಕೆ ಹೋಗುವ ಬೂದು ತಿಮಿಂಗಿಲಗಳ ಈ ಎಣಿಕೆ 1967ರಿಂದ ನಡೆದು ಬಂದಿದೆ. ಎಣಿಕೆ ನಿಲ್ಲಿಸದೆ ಇದ್ದದ್ದರಿಂದಲೇ ಮುಂದಿನದು ತಿಳಿಯಿತು. 2016ರಲ್ಲಿ ಸುಮಾರು 27,000 ಇದ್ದವು 2025ರ ಅಂದಾಜಿನಲ್ಲಿ ಸುಮಾರು 13,000ಕ್ಕೆ ಇಳಿದಿವೆ. ಬೇಟೆಯಿಂದಲ್ಲ. ಆರ್ಕ್ಟಿಕ್ಕಿನ ಹಿಮ ಕರಗಿ, ತಳದ ಆಹಾರ ಕಡಿಮೆಯಾಗಿ, ಸೊರಗಿದ ತಿಮಿಂಗಿಲಗಳು ದಡಕ್ಕೆ ಬಂದು ಬಿದ್ದವು.

ಗೂನುಬೆನ್ನಿನ ತಿಮಿಂಗಿಲದ ಕತೆ ನಮ್ಮ ಕಡಲಿಗೂ ಸಂಬಂಧಿಸಿದ್ದು. 2016ರಲ್ಲಿ ಅಮೆರಿಕದವರು ಲೋಕದ ಗೂನುಬೆನ್ನಿನ ತಿಮಿಂಗಿಲಗಳನ್ನು 14 ಗುಂಪುಗಳಾಗಿ ವಿಂಗಡಿಸಿ, 9 ಗುಂಪುಗಳಿಗೆ ಇನ್ನು ಪಟ್ಟಿಯ ಅಗತ್ಯವಿಲ್ಲ ಎಂದರು. ಉಳಿದ ಐದರಲ್ಲಿ ಒಂದು ನಮ್ಮ ಅರಬ್ಬೀ ಸಮುದ್ರದ್ದು. ಉಳಿದ ಗುಂಪುಗಳಂತೆ ಧ್ರುವದ ಕಡೆಗೆ ವಲಸೆ ಹೋಗದೆ ವರ್ಷವಿಡೀ ಇಲ್ಲೇ ಇರುವ ಈ ಗುಂಪಿನಲ್ಲಿ, ಒಮಾನ್ ತೀರದ ಅಂದಾಜಿನ ಪ್ರಕಾರ, ನೂರೂ ಇಲ್ಲ. 1966ರ ನವೆಂಬರ್ ಒಂದೇ ತಿಂಗಳಲ್ಲಿ ಸೋವಿಯತ್ ಹಡಗುಗಳು ಇವುಗಳಲ್ಲಿ ಇನ್ನೂರಕ್ಕೂ ಹೆಚ್ಚನ್ನು ಕೊಂದಿದ್ದವು. ಅದು ಹೊರಗೆ ಬಂದದ್ದು ಸೋವಿಯತ್ ಒಕ್ಕೂಟ ಮುರಿದ ಮೇಲೆ. ಗೋವಾ ಕರಾವಳಿಯ ನೀರಿನಲ್ಲಿ ಇವುಗಳ ಹಾಡು ಧ್ವನಿಮುದ್ರಣವಾಗಿದೆ. 2017ರಲ್ಲಿ ಒಮಾನಿನಲ್ಲಿ ಉಪಗ್ರಹದ ಗುರುತು ತೊಡಿಸಿದ ಲುಬಾನ್ ಎಂಬ ಹೆಣ್ಣು ಸಮುದ್ರ ದಾಟಿ ಭಾರತದ ದಕ್ಷಿಣ ತುದಿಯವರೆಗೆ ಬಂದು ಹಿಂದಿರುಗಿತು. ಜಾತಿ ಒಂದೇ. ಒಂದು ಕಡಲಿನಲ್ಲಿ ಚೇತರಿಸಿಕೊಂಡಿದೆ, ಇನ್ನೊಂದರಲ್ಲಿ ಇನ್ನೇನು ಹೋಗಲಿದೆ.

ನಮ್ಮ ಒಂದನೇ ಪರಿಶಿಷ್ಟದಲ್ಲಿ ಇಂಥ ವಿಂಗಡಣೆ ಕಾಣುವುದು ಅಪರೂಪ. ನಾರಾವಿಯ ಮೇಲಿನ ಕಾಡಿನಲ್ಲೇ ನೋಡಿ. ಪಶ್ಚಿಮ ಘಟ್ಟವನ್ನು ಬಿಟ್ಟು ಲೋಕದಲ್ಲಿ ಬೇರೆಲ್ಲೂ ಇಲ್ಲದ ಸಿಂಗಳೀಕ ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿದೆ. ಅದಕ್ಕೂ ಒಂದನೇ ಪರಿಶಿಷ್ಟ. ಕೆಳಗೆ ಬೆಂಡೆಕಾಯಿಯ ಸಾಲು ಮುಗಿಸುವ ನವಿಲಿಗೂ ಒಂದನೇ ಪರಿಶಿಷ್ಟ. ಎಲ್ಲ ಮಕ್ಕಳಿಗೂ ಒಂದೇ ಅಂಕ ಕೊಟ್ಟರೆ ಮೇಷ್ಟ್ರಿಗೆ ಕೆಲಸ ಸುಲಭ ನಿಜ, ಆದರೆ ಹಿಂದೆ ಬಿದ್ದ ಮಗು ಯಾವುದೆಂದು ಮರೆತೇ ಹೋಗುತ್ತದೆ. 2022ರ ತಿದ್ದುಪಡಿಯಲ್ಲಿ ಆರು ಪರಿಶಿಷ್ಟಗಳು ನಾಲ್ಕಾದವು, ಉತ್ತರ ಭಾರತದ ಕೆಂಪು ಮೋರೆಯ ಮಂಗ ಪಟ್ಟಿಯಿಂದಲೇ ಹೊರಬಿತ್ತು, ನಮ್ಮ ಟೊಪ್ಪಿ ಮಂಗ ಒಂದನೇ ಪರಿಶಿಷ್ಟಕ್ಕೆ ಏರಿತು. ಹೀಗೆ ಏರಿಳಿತವೇ ಇಲ್ಲವೆಂದಲ್ಲ. ಆದರೆ ಕೃಷಿಕನಿಗೆ ತಿಳಿಯುವ ಹಾಗೆ ಎಣಿಸಿ, ಇಷ್ಟಿದ್ದವು, ಇಷ್ಟಾದವು, ಆದ್ದರಿಂದ ಹೀಗೆ ಮಾಡಿದೆವು ಎಂದು ಹೇಳುವ ಪರಿಪಾಠ ನಮಗೆ ಇನ್ನೂ ಬಂದಿಲ್ಲ.

ನನ್ನ ಅಭಿಪ್ರಾಯವನ್ನು ಅವನಿಗೆ ನೇರವಾಗಿಯೇ ಹೇಳಿದೆ. ನವಿಲು ಒಂದನೇ ಪರಿಶಿಷ್ಟದಿಂದ ಎರಡನೆಯದಕ್ಕೆ ಇಳಿದರೆ ಆಕಾಶ ಬೀಳುವುದಿಲ್ಲ. ಆಗಲೂ ಅನುಮತಿ ಇಲ್ಲದೆ ಯಾರೂ ಕೊಲ್ಲುವಂತಿಲ್ಲ. ಆದರೆ ಎಣಿಸುವ ಮೊದಲು ಇಳಿಸಬಾರದು, ಇಳಿಸಿದ ಮೇಲೂ ಎಣಿಕೆ ಬಿಡಬಾರದು. ರಾಷ್ಟ್ರಪಕ್ಷಿ ಎಂಬ ಗೌರವ ಬೇರೆ, ಅಪಾಯದಲ್ಲಿರುವ ಪಕ್ಷಿ ಎಂಬ ವರ್ಗ ಬೇರೆ. ಎರಡನ್ನೂ ಕಲಸಿ ಮಕ್ಕಳಿಗೆ ಹೇಳಿದವರಲ್ಲಿ ನಾನೂ ಒಬ್ಬ. ಆ ಎರಡು ಅಂಕದ ಪ್ರಶ್ನೆಗೆ ನಾನೇ ಸರಿಯುತ್ತರ ಬರೆದಿಟ್ಟುಕೊಂಡಿರಲಿಲ್ಲ ಎಂದಾಯಿತು.

ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ. "ಎಣಿಸುವುದು ಯಾವಾಗ, ಇಳಿಸುವುದು ಯಾವಾಗ? ಅಷ್ಟರೊಳಗೆ ನಾನೂ ಗದ್ದೆಗೆ ರಬ್ಬರ್ ಹಾಕಿರುತ್ತೇನೆ" ಎಂದು ಚಾಪೆ ಬಿಡಿಸಿದ.

ಬೆಳಗ್ಗೆ ಐದೂವರೆಗೆ ಅವನ ಮಗಳೇ ಎಬ್ಬಿಸಿದಳು. ಎಣಿಸೋಣ ಎಂದಳು. ಕೂಗು ಕೇಳಿ ನವಿಲು ಎಣಿಸುವುದು ಹೇಳಿದಷ್ಟು ಸುಲಭವಲ್ಲ. ಜೋರಾಗಿ ಕೂಗುವುದು ಹೆಚ್ಚಾಗಿ ಗಂಡು, ಆದ್ದರಿಂದ ಹೆಣ್ಣುಗಳು ಲೆಕ್ಕಕ್ಕೆ ಸಿಗುವುದಿಲ್ಲ. ಒಂದೇ ಹಕ್ಕಿ ಹತ್ತು ಸಲ ಕೂಗಿದರೆ ಹತ್ತು ನವಿಲಾಗಬಾರದು. ಅದಕ್ಕೆ ಇಬ್ಬರು ಎರಡು ಕಡೆ ನಿಂತು ಗಡಿಯಾರದ ಹೊತ್ತು, ಕೂಗು ಬಂದ ದಿಕ್ಕು ಎರಡನ್ನೂ ಬರೆದುಕೊಂಡು ಆಮೇಲೆ ತಾಳೆ ನೋಡಬೇಕು. ಅವಳನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ ನಾನು ಗದ್ದೆಯ ಆಚೆ ಬದುವಿಗೆ ಹೋದೆ. ಮೊದಲ ಕೂಗು ಗುಡ್ಡದ ಕಡೆಯಿಂದ, ಅದಕ್ಕೆ ಉತ್ತರ ತೋಟದಾಚೆಯಿಂದ. ಹತ್ತು ನಿಮಿಷದಲ್ಲಿ ನನ್ನ ಚೀಟಿಯಲ್ಲಿ ಒಂಬತ್ತು, ಅವಳದರಲ್ಲಿ ಹನ್ನೊಂದು. ತಾಳೆ ನೋಡಿ, ಅಡ್ಡಗೆರೆ ಹಾಕಿ, ವಾದ ಮಾಡಿ ಏಳಕ್ಕೆ ಇಳಿಸಿದೆವು. ಏಳು ಗಂಡು, ಒಂದು ಮನೆಯ ಸುತ್ತಲಿನಿಂದ, ಒಂದು ದಿನದ್ದು. ಇದರಿಂದ ಏನೂ ಸಿದ್ಧವಾಗುವುದಿಲ್ಲ ಎಂದೆ. ಮುಂದಿನ ಭಾನುವಾರವೂ ಎಣಿಸುತ್ತೇನೆ ಎಂದು ಅವಳು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತಾರೀಕುಗಳ ಕೋಷ್ಟಕ ಮಾಡಿದಳು.

ಅಷ್ಟರಲ್ಲಿ ಅವಳ ಅಪ್ಪ ಮಡಿಯ ಕಡೆಯಿಂದ ಹೋ ಎಂದು ಕೂಗಿ ಡಬ್ಬ ಬಡಿದ. ಸೀರೆಯ ಬೇಲಿಯೊಳಗಿನಿಂದ ಗಂಡು ನವಿಲೊಂದು ಉದ್ದ ಗರಿಯನ್ನು ಎಳೆದುಕೊಂಡು ಭಾರವಾಗಿ ಎದ್ದು ಹಾರಿ, ಹಲಸಿನ ಮರದಲ್ಲಿ ಕುಳಿತಿತು. "ಅದನ್ನು ಬರೆದುಕೊಂಡಿರಾ ಮಾಷ್ಟ್ರೇ? ಅದು ಕೂಗಲಿಲ್ಲ" ಎಂದ.

ಬರೆದುಕೊಂಡಿರಲಿಲ್ಲ. ಏಳನ್ನು ಎಂಟು ಮಾಡಿ ಮೂಡುಬಿದಿರೆಯ ಬಸ್ಸು ಹಿಡಿದೆ.