ವಾರಂಟಿ ಎಂಬ ಬರೆದಿಟ್ಟ ಮಾತು

ಕುಮಾರಸ್ವಾಮಿ ಲೇಔಟ್ ಗುಡ್ಡದ ಮೇಲಿನ ಬಡಾವಣೆ. ಶಾವಿಗೆ ಮಲ್ಲೇಶ್ವರ ಬೆಟ್ಟದ ಕಾಲೇಜುಗಳು ಬಿಡುವ ಹೊತ್ತಿಗೆ ಇಲ್ಲಿನ ಏರು ರಸ್ತೆಯಲ್ಲಿ ಒಮ್ಮೆ ನಿಂತು ನೋಡಿ. ಆಟೋ, ಬಸ್ಸು, ಸ್ಕೂಟರುಗಳ ನಡುವೆ ಗುರುಗುಟ್ಟುತ್ತಾ ಸಾಗುವ ಒಂದೆರಡು ಕಾರುಗಳಾದರೂ ಕಣ್ಣಿಗೆ ಬೀಳುತ್ತವೆ. ನೋಡುವುದಕ್ಕೆ ಸಾಮಾನ್ಯ ಕಾರು, ಒಳಗೆ ಟರ್ಬೊ ಎಂಜಿನ್. ಇಂಥ ವೇಗದ ಕಾರುಗಳ ಒಡೆಯರೆಲ್ಲ ಶ್ರೀಮಂತರೆಂದು ಭಾವಿಸಬೇಡಿ. ನನಗೆ ಗೊತ್ತಿರುವ ಹಲವರು ತಿಂಗಳ ಸಂಬಳದಲ್ಲಿ ಬ್ಯಾಂಕಿನ ಕಂತು ಕಟ್ಟುತ್ತಿರುವ ಹುಡುಗರು. ಕಾರಿನ ಒಂದು ಭಾಗ ಕೆಟ್ಟರೆ ಅವರ ಆರು ತಿಂಗಳ ಸಂಬಳ ಹೋಗುತ್ತದೆ. ಅವರ ಧೈರ್ಯವೆಲ್ಲ ಕಾರಿನ ಜೊತೆ ಸಿಗುವ ಒಂದು ಪುಸ್ತಿಕೆಯ ಮೇಲೆ ನಿಂತಿರುತ್ತದೆ. ಅದೇ ವಾರಂಟಿ.

ನನ್ನ ಅಕ್ಕನ ಮಗ ಅಂಥವರಲ್ಲೊಬ್ಬ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವನು. ಅಕ್ಕ ಹೊಲಿಗೆ ಯಂತ್ರ ತುಳಿದು ಅವನನ್ನು ಇಂಜಿನಿಯರ್ ಮಾಡಿದಳು. ಅವನಿಗೆ ಕಾರಿನ ಹುಚ್ಚು. ಹದಿನಾಲ್ಕು ಲಕ್ಷ ರೂಪಾಯಿಯ ಕಾರು ಏತಕ್ಕೆ ಎಂದು ಅಕ್ಕ ತಿಂಗಳುಗಟ್ಟಲೆ ಮುನಿಸಿಕೊಂಡಿದ್ದಳು. ಕೊನೆಗೆ ಮುಂಗಡಕ್ಕೆ ಹಣ ಸಾಲದಾದಾಗ ತನ್ನ ಎರಡು ಬಳೆಗಳನ್ನು ಅಡವಿಟ್ಟವಳೂ ಅವಳೇ.

ನಾಲ್ಕು ವರ್ಷದ ವಾರಂಟಿಯ ಕಾರು ಮೂರನೇ ವರ್ಷದಲ್ಲಿ ಕೈಕೊಟ್ಟಿತು. ಒಂದು ಸಂಜೆ ಸಾರಕ್ಕಿ ಸಿಗ್ನಲ್ ಬಳಿಯ ವಾಹನ ದಟ್ಟಣೆಯಲ್ಲಿ ಗೇರು ತನ್ನಷ್ಟಕ್ಕೆ ನ್ಯೂಟ್ರಲ್‌ಗೆ ಜಾರಿತು. ಮುಂದಿನ ಫಲಕದಲ್ಲಿ ಎಚ್ಚರಿಕೆಯ ದೀಪ. ಹಿಂದೆ ಹಾರ್ನುಗಳ ಗದ್ದಲ. ಕಾರನ್ನು ಎಳೆದೊಯ್ದು ಸರ್ವಿಸ್ ಸೆಂಟರಿಗೆ ಬಿಟ್ಟದ್ದಾಯಿತು. ಹನ್ನೊಂದು ದಿನಗಳ ನಂತರ ಫೋನು ಬಂತು. ಗೇರ್‌ಬಾಕ್ಸ್‌ನ ನಿಯಂತ್ರಣ ಘಟಕ ಹೋಗಿದೆ, ಖರ್ಚು ಎರಡು ಲಕ್ಷ ಅರವತ್ತು ಸಾವಿರ, ವಾರಂಟಿ ಅನ್ವಯಿಸುವುದಿಲ್ಲ. ಕಾರಣ? 'ಅನಧಿಕೃತ ಮಾರ್ಪಾಡು'.

ಮಾರ್ಪಾಡು ಆಗಿದ್ದುದು ನಿಜ. ಹುಡುಗ ಕಂಪನಿಯ ಏರ್ ಫಿಲ್ಟರ್ ತೆಗೆದು, ಹೆಚ್ಚು ಗಾಳಿ ಎಳೆಯುವ ಬೇರೊಂದನ್ನು ಹಾಕಿಸಿದ್ದ. ಬೇರೇನನ್ನೂ ಮುಟ್ಟಿರಲಿಲ್ಲ.

ಇಲ್ಲಿ ಸ್ವಲ್ಪ ಯಂತ್ರದ ವಿಷಯ ಹೇಳಬೇಕು. ಈ ಬಗೆಯ ಆಟೋಮ್ಯಾಟಿಕ್ ಕಾರಿನಲ್ಲಿ ಎರಡು ಕ್ಲಚ್‌ಗಳಿರುತ್ತವೆ. ಒಂದು, ಮೂರು, ಐದನೇ ಗೇರುಗಳಿಗೆ ಒಂದು ಕ್ಲಚ್. ಎರಡು, ನಾಲ್ಕು, ಆರಕ್ಕೆ ಮತ್ತೊಂದು. ಒಂದು ಬಿಡುವಷ್ಟರಲ್ಲಿ ಇನ್ನೊಂದು ಹಿಡಿಯುತ್ತದೆ. ಹಾಗಾಗಿಯೇ ಆ ವೇಗ. ಯಾವಾಗ ಬಿಡಬೇಕು, ಯಾವಾಗ ಹಿಡಿಯಬೇಕು ಎಂದು ನಿರ್ಧರಿಸುವುದು ಒಳಗಿನ ಒಂದು ಪುಟ್ಟ ಕಂಪ್ಯೂಟರ್ ಘಟಕ. ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ ಆದರೆ, ಇಂಚಿಂಚು ಸರಿಯುವ ದಟ್ಟಣೆಯಲ್ಲಿ ಅರೆಬರೆ ಹಿಡಿದು ಬಿಸಿಯಾಗುತ್ತದೆ. ಇನ್ನು ಏರ್ ಫಿಲ್ಟರ್ ಇರುವುದು ಎಂಜಿನ್ ಸೇದುವ ಗಾಳಿಯ ದಾರಿಯಲ್ಲಿ. ಅದಕ್ಕೂ ಗೇರ್‌ಬಾಕ್ಸ್‌ನ ಕಂಪ್ಯೂಟರಿಗೂ ಏನು ನಂಟು? ನಂಟು ಇದೆ ಎನ್ನುವವರು ಅದನ್ನು ತೋರಿಸಬೇಡವೇ?

ಇಂಥ ಗೇರ್‌ಬಾಕ್ಸ್‌ಗಳ ಜಗಳ ನಮ್ಮ ಊರಿನದ್ದಷ್ಟೇ ಅಲ್ಲ. 2013ರಲ್ಲಿ ಚೀನಾದ ಸರಕಾರಿ ದೂರದರ್ಶನ ಇದೇ ವಿಷಯವನ್ನು ಎತ್ತಿಕೊಂಡಾಗ, ಫೋಕ್ಸ್‌ವ್ಯಾಗನ್ ಕಂಪನಿ ಅಲ್ಲಿ 3,84,181 ಕಾರುಗಳನ್ನು ವಾಪಸು ಕರೆಸಿಕೊಳ್ಳಬೇಕಾಯಿತು. ನಮ್ಮ ಹುಡುಗನ ಕಾರು ಆ ಕಂಪನಿಯದ್ದಲ್ಲ. ಆದರೆ ದೋಷ ಚಾಲಕನ ಕಾಲಿನಲ್ಲಿಯೇ ಇರಬೇಕೆಂದಿಲ್ಲ, ಕಾರ್ಖಾನೆಯಲ್ಲಿಯೂ ಇರಬಹುದು ಎನ್ನುವುದಕ್ಕೆ ಆ ಪ್ರಕರಣವೇ ಸಾಕು.

ವಿಷಯ ತಿಳಿದ ಗೆಳೆಯರು ಹುಡುಗನಿಗೆ ಸಲಹೆಗಳ ಮಳೆಗರೆದರು. ಒಬ್ಬ, 'ಹಳೆಯ ಫಿಲ್ಟರ್ ಮತ್ತೆ ಹಾಕಿಸು, ಏನೂ ಬದಲಾಯಿಸಿಲ್ಲ ಎಂದು ವಾದಿಸು' ಎಂದ. ಇನ್ನೊಬ್ಬ ತನ್ನ ಕಾರಿನ ಕಥೆ ಹೇಳಿದ. ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸಿಕೊಂಡಿದ್ದನಂತೆ, ಸರ್ವಿಸ್‌ಗೆ ಬಿಡುವ ಮೊದಲು ಪ್ರತಿ ಬಾರಿ ಹಳೆಯದನ್ನು ತುಂಬಿಸುತ್ತಾನಂತೆ. ಅಂಥ ಬದಲಾವಣೆಯ ಗುರುತು ಕಂಪ್ಯೂಟರಿನಲ್ಲಿ ಉಳಿಯಬಹುದು ಎಂಬ ಅರಿವು ಅವನಿಗಿದ್ದಂತಿರಲಿಲ್ಲ.

ಹುಡುಗ ನನ್ನ ಬಳಿ ಬಂದ. 'ಮಾಮಾ, ಏನು ಮಾಡಲಿ?' ಎಂದ. ಅಕ್ಕ ಬಾಗಿಲ ಬಳಿ ಮಾತಿಲ್ಲದೆ ನಿಂತಿದ್ದಳು. ಬಳೆಗಳು ಇನ್ನೂ ಬಿಡುಗಡೆಯಾಗಿರಲಿಲ್ಲ.

ನನ್ನ ತಂದೆ ಜೆ.ಸಿ. ರಸ್ತೆಯ ಗ್ಯಾರೇಜೊಂದರಲ್ಲಿ ಮೇಸ್ತ್ರಿಯಾಗಿದ್ದರು. ಅಂಬಾಸಿಡರ್, ಪದ್ಮಿನಿಗಳ ಕಾಲ. ಅವರು ಮಾಡಿದ ಕೆಲಸಕ್ಕೆ ಕಾಗದದ ವಾರಂಟಿ ಇರಲಿಲ್ಲ. ಗೇರು ಮತ್ತೆ ಕೆಟ್ಟು ಗಾಡಿ ವಾಪಸು ಬಂದರೆ ಮೊದಲು ಬಿಚ್ಚಿ ನೋಡುತ್ತಿದ್ದರು. ತಮ್ಮ ಕೆಲಸದ ತಪ್ಪಾದರೆ ಕೂಲಿ ಕೇಳುತ್ತಿರಲಿಲ್ಲ. ಗಿರಾಕಿಯ ತಪ್ಪಾದರೆ ಸವೆದ ಹಲ್ಲನ್ನು ಅವನ ಅಂಗೈಯಲ್ಲಿಟ್ಟು ತೋರಿಸುತ್ತಿದ್ದರು. ಹಾಗಂತ ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಎಲ್ಲ ಮೇಸ್ತ್ರಿಗಳೂ ಹಾಗಿರಲಿಲ್ಲ. ಆದರೆ ಬಿಚ್ಚಿ ನೋಡದೆ ತೀರ್ಪು ಕೊಡಬಾರದು, ಕೊಟ್ಟ ತೀರ್ಪಿಗೆ ಸವೆದ ಹಲ್ಲನ್ನು ತೋರಿಸಬೇಕು ಎಂಬ ಅವರ ರೀತಿ ಕಂಪ್ಯೂಟರಿನ ಕಾರಿಗೂ ಸಲ್ಲುತ್ತದೆ ಎಂದು ನನಗನಿಸಿತು.

ಕಾಗದ ಬರೆಯೋಣ ಎಂದೆ. ಏರ್ ಫಿಲ್ಟರ್ ಬದಲಿಸಿದ್ದೇವೆ ಎಂಬುದನ್ನೇ ಮೊದಲ ಸಾಲಿನಲ್ಲಿ ಬರೆಸಿದೆ. ಹುಡುಗ ಹಿಂಜರಿದ. 'ನಾವೇ ಒಪ್ಪಿಕೊಂಡರೆ ಅವರಿಗೆ ಆಯುಧ ಕೊಟ್ಟಂತಲ್ಲವೇ?' ಎಂದ. ನಾವು ಒಂದು ಸುಳ್ಳು ಹೇಳಿ ಅದು ಸಿಕ್ಕಿಬಿದ್ದರೆ, ಉಳಿದ ಹತ್ತು ಸತ್ಯಗಳನ್ನು ಯಾರು ನಂಬುತ್ತಾರೆ? ಅಷ್ಟಕ್ಕೂ ಹಕ್ಕು ಕೇಳುವವನು ಮೋಸದಿಂದ ಕೇಳಿದರೆ ಅದು ಹಕ್ಕು ಹೇಗಾಗುತ್ತದೆ?

ನಂತರ ಮೂರು ಪ್ರಶ್ನೆಗಳು. ಒಂದು, ಕೆಟ್ಟಿರುವ ಭಾಗ ಯಾವುದು, ಅದನ್ನು ಬಿಚ್ಚಿ ಪರೀಕ್ಷಿಸಿದ ವರದಿ ಎಲ್ಲಿ? ಎರಡು, ಏರ್ ಫಿಲ್ಟರ್‌ನಿಂದ ಆ ಭಾಗ ಹೇಗೆ ಕೆಟ್ಟಿತು? ಮೂರು, ವಾರಂಟಿ ಪುಸ್ತಿಕೆಯ ಯಾವ ಕಲಮಿನ ಪ್ರಕಾರ ನಿರಾಕರಿಸಿದ್ದೀರಿ? ಉತ್ತರವನ್ನು ಫೋನಿನಲ್ಲಿ ಅಲ್ಲ, ಬರಹದಲ್ಲಿ ಕೊಡಿ ಎಂದು ಕೇಳಿದೆವು. ಪ್ರತಿ ಸರ್ವಿಸಿನ ರಶೀದಿ ಮತ್ತು ಕಾರು ಒಪ್ಪಿಸಿದ ದಿನದ ಜಾಬ್ ಕಾರ್ಡಿನ ಪ್ರತಿ ಲಗತ್ತಿಸಿ ವಿತರಕರಿಗೂ ತಯಾರಕರಿಗೂ ಕಳಿಸಿದೆವು.

ಕಾನೂನಿನ ಬಲವೂ ಇಲ್ಲದಿಲ್ಲ. ಅಮೆರಿಕದಲ್ಲಿ 1975ರಿಂದಲೇ ಒಂದು ಕಾಯ್ದೆಯಿದೆ. ಹೊರಗಿನ ಬಿಡಿಭಾಗ ಹಾಕಿಸಿದ್ದಾರೆ ಎಂಬ ಒಂದೇ ನೆಪಕ್ಕೆ ಕಂಪನಿ ವಾರಂಟಿ ಕಿತ್ತುಕೊಳ್ಳುವಂತಿಲ್ಲ, ಆ ಭಾಗದಿಂದಲೇ ಹಾನಿಯಾಯಿತೆಂದು ತೋರಿಸಬೇಕು. ನಮ್ಮಲ್ಲಿ ಅಷ್ಟು ನೇರವಾದ ಕಾಯ್ದೆ ಇಲ್ಲ. ಆದರೆ 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಇದೆ. ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದ ಒಳಗೆ ಕೊಡಬೇಕು. ದೋಷ ಪರೀಕ್ಷೆಯಿಂದಲೇ ತಿಳಿಯಬೇಕಾದದ್ದಾದರೆ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಹದಿನಾಲ್ಕು ಲಕ್ಷದ ಕಾರಿಗೆ ದೂರಿನ ಶುಲ್ಕ 400 ರೂಪಾಯಿ.

ಕಾರೇ ಬದಲಿಸಿ ಕೊಡಬೇಕೆಂದು ಹುಡುಗ ಕೂಗಾಡುತ್ತಿದ್ದ. ಅದು ಸುಲಭವಲ್ಲ ಎಂದು ಹೇಳಬೇಕಾಯಿತು. ಮಾರುತಿ ಉದ್ಯೋಗ್ ಕಂಪನಿಯ ಪ್ರಕರಣವೊಂದರಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯ ಮಾತು ಕೆಟ್ಟ ಭಾಗವನ್ನು ಬದಲಿಸುವುದೇ ಹೊರತು ಇಡೀ ಕಾರನ್ನಲ್ಲ ಎಂದಿತ್ತು. ಮತ್ತೊಂದೆಡೆ, 2022ರ ಏಪ್ರಿಲಿನಲ್ಲಿ ಹ್ಯುಂಡೈ ಕಾರೊಂದರ ಏರ್‌ಬ್ಯಾಗ್ ತೆರೆದುಕೊಳ್ಳದ ಪ್ರಕರಣದಲ್ಲಿ ಅದೇ ನ್ಯಾಯಾಲಯ ಗ್ರಾಹಕನ ಪರ ನಿಂತಿತು. ಡಿಕ್ಕಿಯ ವೇಗ ಎಷ್ಟು, ಬಲ ಎಷ್ಟು ಎಂದು ಲೆಕ್ಕ ಹಾಕಲು ಗ್ರಾಹಕನೇನು ಭೌತವಿಜ್ಞಾನದ ತಜ್ಞನೇ ಎಂಬುದು ಆ ತೀರ್ಪಿನ ತಿರುಳು.

ಮೊದಲ ಕಾಗದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ 'ಪರಿಶೀಲಿಸುತ್ತೇವೆ' ಎಂಬ ಒಂದು ಸಾಲು. ಹುಡುಗ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಾ, ಓಡದ ಕಾರಿಗೆ ಕಂತು ಕಟ್ಟುತ್ತಾ ದಿನ ದೂಡಿದ. ಮೂರನೆಯದಾಗಿ ವಕೀಲರ ನೋಟಿಸು ಹೋಯಿತು. ಆಮೇಲೆ ಕಾರ್ಖಾನೆಯ ತಂತ್ರಜ್ಞರೊಬ್ಬರು ಬಂದು ಗೇರ್‌ಬಾಕ್ಸನ್ನು ಬಿಚ್ಚಿದರು. ಅವರ ವರದಿಯಲ್ಲಿ ಏರ್ ಫಿಲ್ಟರ್‌ನ ಹೆಸರೇ ಇರಲಿಲ್ಲ. ಆದರೂ ಕಂಪನಿ ತನ್ನ ತಪ್ಪೆಂದು ಒಪ್ಪಲಿಲ್ಲ. 'ಸದ್ಭಾವನೆಯಿಂದ' ಬಿಡಿಭಾಗ ಉಚಿತ, ಕೂಲಿ ಮೂವತ್ತೊಂದು ಸಾವಿರ ನಿಮ್ಮದು ಎಂದಿತು.

ಒಪ್ಪುವುದೇ? ಆಯೋಗದ ಮೆಟ್ಟಿಲೇರುವುದೇ? ಏರಿದ್ದರೆ ಬಹುಶಃ ಗೆಲ್ಲುತ್ತಿದ್ದೆವು. ವರದಿ ನಮ್ಮ ಕೈಯಲ್ಲಿತ್ತು. ಆದರೆ ನಾಲ್ಕು ತಿಂಗಳಿಂದ ನಿಂತ ಕಾರು ಇನ್ನೂ ನಿಲ್ಲಬೇಕಿತ್ತು. ನಿರ್ಧಾರವನ್ನು ಅಕ್ಕನಿಗೆ ಬಿಟ್ಟೆವು. 'ಕಾರು ತನ್ನಿ' ಎಂದಳು. ತಂದೆವು. ಸದ್ಭಾವನೆ ಎಂಬ ಆ ಪದ ಮಾತ್ರ ನನಗೆ ಇಂದಿಗೂ ಗಂಟಲಲ್ಲಿ ಇಳಿದಿಲ್ಲ. ಕೊಡಬೇಕಾದುದನ್ನು ದಾನವೆಂಬಂತೆ ಕೊಡುವುದು ಎಂಥ ಸದ್ಭಾವನೆ?

ಈ ಸುದ್ದಿ ಹೇಗೋ ಯಾರಬ್ ನಗರದ ಆಟೋ ಚಾಲಕರೊಬ್ಬರ ಕಿವಿಗೆ ಬಿತ್ತು. ಅವರದು ಎಲೆಕ್ಟ್ರಿಕ್ ಆಟೋ. ವಾರಂಟಿಯ ಅವಧಿಯಲ್ಲೇ ಬ್ಯಾಟರಿ ಸೋತಿದೆ. ನೀರು ಹೊಕ್ಕಿದೆ, ನಿಮ್ಮದೇ ತಪ್ಪು ಎಂದು ಹೇಳಿ ಕಳಿಸಿದ್ದಾರೆ. ಬಾಯಿಮಾತಿನಲ್ಲಿ, ಒಂದು ಚೀಟಿಯೂ ಇಲ್ಲದೆ. ವೇಗದ ಕಾರಿನವನಿಗೆ ಕಾರು ನಿಂತರೆ ಬಸ್ಸಾದರೂ ಇದೆ. ಇವರಿಗೆ ಆಟೋ ನಿಂತರೆ ಅಂದಿನ ಅಕ್ಕಿಯಿಲ್ಲ. ಐದು ಲಕ್ಷದವರೆಗಿನ ಖರೀದಿಗೆ ಗ್ರಾಹಕ ಆಯೋಗದಲ್ಲಿ ಶುಲ್ಕವೇ ಇಲ್ಲ ಎಂದಾಗ ಅವರು ನಂಬಲಿಲ್ಲ. 1915 ಎಂಬ ಗ್ರಾಹಕ ಸಹಾಯವಾಣಿಯ ಸಂಖ್ಯೆಯನ್ನು ಆಟೋದ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಟ್ಟೆ.

ಕಾಗದವನ್ನು ಈ ಸಲ ಬರೆದವನು ಅಕ್ಕನ ಮಗ. ಅವೇ ಮೂರು ಪ್ರಶ್ನೆಗಳು. ಮೊದಲ ಸಾಲಿಗೆ ಮುನ್ನ ಅವನು ಪೆನ್ನು ಹಿಡಿದು ಚಾಲಕರನ್ನು ಕೇಳಿದ, 'ನೀವು ಗಾಡಿಯಲ್ಲಿ ಏನೇನು ಬದಲಾಯಿಸಿದ್ದೀರಿ? ಎಲ್ಲವನ್ನೂ ಹೇಳಿ.'